ಉಗ್ರಾಣದ ಗಿಟಾರು

ಅವಳು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಇಂಗ್ಲಿಷ್ ಪೇಪರಿನ ಒಳಪುಟದಲ್ಲಿ, ಟೆಂಡರು ನೋಟೀಸುಗಳ ಪಕ್ಕದಲ್ಲಿ. ಹಳೆಯ ಫೋಟೋ ಹಾಕಿದ್ದರು. ಕತ್ತರಿಸಿದ ಕೂದಲು, ಮುಚ್ಚಿದ ಕಣ್ಣು, ಮೈಕಿನ ತನಕ ಬಂದು ಅಲ್ಲೇ ತಡೆದು ನಿಂತ ತುಟಿ. ಲಂಡನ್ನಿನ ಮನೆಯಲ್ಲಿ, ನಿದ್ದೆಯಲ್ಲೇ ಹೋದಳಂತೆ. ಮದ್ರಾಸಿನಿಂದ ಹೊರಟು, ತನ್ನ ಹಾಡನ್ನು ತಾನೇ ಬರೆದು, ತಾನೇ ಟ್ಯೂನು ಕಟ್ಟಿ ಹಾಡಿದ ರಾಕ್ ಗಾಯಕಿ. ಎಲ್‌ಪಿಗಳು, ದೇಶದೇಶದ ಪ್ರವಾಸಗಳು, ಎಲ್ಲವನ್ನೂ ಪಟ್ಟಿ ಮಾಡಿದ್ದರು. ಕಡೆಗೊಂದು ಸಾಲು. ಹೆಸರು ತಂದುಕೊಟ್ಟ ಮೊದಲ ಹಾಡನ್ನು ಮಾತ್ರ ಆಕೆ ಮುಂದೆ ಯಾವ ವೇದಿಕೆಯಲ್ಲೂ ಹಾಡಲಿಲ್ಲ, ಜನ ಎಷ್ಟು ಕೂಗಿ ಕೇಳಿದರೂ; ಅದು ಕಲಾವಿದೆಯ ವಿಮ್, ಏನೋ ಒಂದು ಲಹರಿ, ಇರಬೇಕು ಎಂದು.

ವಿಮ್ ಅಲ್ಲ, ಮೈ ಡಿಯರ್. ಆ ಹಾಡು ಅವಳ ಕೈತಪ್ಪಿ ಹೋದದ್ದು ನನ್ನಿಂದ. ಅದನ್ನು ಯಾರಿಗಾದರೂ ಹೇಳಬೇಕು ಅನ್ನಿಸಿ, ಕನ್ನಡಕ ಒರೆಸಿಕೊಂಡು ಕೂತಿದ್ದೇನೆ.

ಅವಳ ಹೆಸರು ಬರೆಯುವುದಿಲ್ಲ. ಅವಳಿಗೆ ಎರಡು ಹೆಸರಿದ್ದವು. ಒಂದು ಅವಳ ಅಪ್ಪ ಇಟ್ಟದ್ದು, ದೇವಿಯ ಹೆಸರು. ಇನ್ನೊಂದು ರಾಯಪುರಂನ ಡ್ರಮ್ಮರ್ ಹುಡುಗನೊಬ್ಬ ಇಟ್ಟದ್ದು, ಪೋಸ್ಟರಿನ ಮೇಲೆ ಬರುತ್ತಿದ್ದದ್ದು. ನಾನು ಎರಡರಲ್ಲಿ ಯಾವುದರಿಂದಲೂ ಕರೆದವಳಲ್ಲ. ನಮ್ಮಿಬ್ಬರ ನಡುವೆ ಬರೀ ‘ಡೀ’, ತಮಿಳಿನ ‘ಕಣೇ’.

ಪ್ಯಾರೀಸ್ ಕಾರ್ನರಿನ ಹಿಂದಿನ ಬೀದಿಯೊಂದರಲ್ಲಿ ಅವರ ಹೋಟೆಲು. ಉಡುಪಿ ಕಡೆಯವರು. ಕೆಳಗೆ ಹೋಟೆಲು, ಮೇಲೆ ಮನೆ, ಅದರ ಮೇಲೆ ತಾರಸಿ. ನಮ್ಮದು ಮೈಸೂರಿನಿಂದ ಬಂದ ಸಂಸಾರ. ಅಪ್ಪ ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತೆ. ಪಕ್ಕದ ಕಟ್ಟಡದ ಮೇಲ್ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಎರಡು ತಾರಸಿಗಳ ನಡುವೆ ಮೊಣಕಾಲೆತ್ತರದ ಗೋಡೆ. ಆ ಗೋಡೆಯನ್ನು ದಾಟಿದರೆ ಒಣಹಾಕಿದ ಸಪ್ಲೈಯರುಗಳ ಪಂಚೆಗಳ ಸಾಲು, ಪಂಚೆಗಳ ಸಂದಿಯಲ್ಲಿ ಹಡಗುಗಳ ಹೊಗೆಕೊಳವೆ. ಸಂಜೆ ಐದರ ಮೇಲೆ ಸಮುದ್ರದ ಗಾಳಿ ಬಂದರೆ ಪಂಚೆಗಳೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತಿದ್ದವು. ಯಾವುದು ಪಂಚೆ, ಯಾವುದು ಹಾಯಿ, ಕಣ್ಣು ಸ್ವಲ್ಪ ಸಣ್ಣ ಮಾಡಿದರೆ ಗೊತ್ತಾಗುತ್ತಿರಲಿಲ್ಲ. ನಾವು ಕಣ್ಣು ಸಣ್ಣ ಮಾಡಿಕೊಂಡೇ ಕೂತಿರುತ್ತಿದ್ದೆವು.

ಒಂದೇ ಕಾನ್ವೆಂಟು, ಒಂದೇ ಕ್ಲಾಸು. ನಾನು ಮೊದಲ ಬೆಂಚು, ಕಾಂಪ್ರಿಹೆನ್ಷನ್‌ನಲ್ಲಿ ಪ್ರತಿ ವರ್ಷ ಪ್ರೈಜು. ಅವಳು ಕಿಟಕಿ ಪಕ್ಕ. ಅವಳ ಪುಸ್ತಕದ ಅಂಚಿನಲ್ಲೆಲ್ಲ ಪೆನ್ಸಿಲ್ಲಿನ ಸಣ್ಣ ಸಣ್ಣ ಗೀಟುಗಳು. ಅವು ತಾಳದ ಲೆಕ್ಕ ಅಂತ ನನಗೊಬ್ಬಳಿಗೇ ಗೊತ್ತು. ಕಾಯರ್‌ನಲ್ಲಿ ಪ್ರಾರ್ಥನೆ ಹಾಡುವಾಗ ಎಲ್ಲರೂ ಸಾಲು ಮುಗಿಸಿದ ಮೇಲೂ ಇವಳ ದನಿ ಒಂದು ಗೇಣು ಮುಂದೆ ಹೋಗಿ ನಿಲ್ಲುತ್ತಿತ್ತು. ಸಿಸ್ಟರ್ ಪಿಯಾನೋ ಮುಚ್ಚಿ, “ಚೈಲ್ಡ್, ಯೂ ಆರ್ ನಾಟ್ ಅಲೋನ್ ಇನ್ ದಿಸ್ ವರ್ಲ್ಡ್” ಎನ್ನುತ್ತಿದ್ದರು. ಇವಳು ತಲೆ ತಗ್ಗಿಸಿ, “ಸಾರಿ ಸಿಸ್ಟರ್,” ಅಂದು, ನನ್ನ ಕಡೆ ತಿರುಗಿ, “ಅಲೋನ್ ಇದ್ದಿದ್ರೆ ಚೆನ್ನಾಗಿತ್ತಲ್ಲ ಡೀ,” ಅನ್ನುವಳು.

ಅವಳ ಅಮ್ಮ ಅವಳ ಒಂಬತ್ತನೇ ವರ್ಷಕ್ಕೇ ಹೋಗಿಬಿಟ್ಟಿದ್ದರು. ಆಮೇಲೆ ಹೋಟೆಲಿನ ಉಗ್ರಾಣದ ಬೀಗದ ಕೈ ಇವಳ ಸೊಂಟಕ್ಕೆ ಬಂತು. ಅಪ್ಪ ಗಲ್ಲಾ ಬಿಟ್ಟು ಏಳುವವರಲ್ಲ; ಬೆಳಿಗ್ಗೆ ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ ಅಳೆದುಕೊಡುವುದು ಇವಳ ಕೆಲಸ. ಹಾಗಾಗಿ ಹದಿನಾರನೇ ವರ್ಷಕ್ಕೆ ಅವಳು ಡ್ರಮ್ಮರ್‌ನ ಅಂಕಲ್ ಒಬ್ಬರಿಂದ ಹಳೆಯ ಗಿಟಾರು ಕೊಂಡಾಗ, ಅದನ್ನು ಬಚ್ಚಿಡಲು ಜಾಗ ಹುಡುಕಬೇಕಾಗಲಿಲ್ಲ. ಹುಣಸೆಹಣ್ಣಿನ ಮೂಟೆಗಳ ಹಿಂದೆ, ಇಂಗಿನ ಡಬ್ಬಗಳ ಪಕ್ಕ. ಉಪ್ಪಿನ ಗಾಳಿಗೆ ತಂತಿ ತುಕ್ಕು ಹಿಡಿಯುತ್ತಿತ್ತು, ತೆಂಗಿನೆಣ್ಣೆ ಸವರುತ್ತಿದ್ದಳು. ಆ ಇಂಗಿನ ವಾಸನೆ ಮಾತ್ರ ಅದನ್ನು ಕಡೆಯ ತನಕ ಬಿಡಲಿಲ್ಲ.

ಭಾನುವಾರ ಮಧ್ಯಾಹ್ನ ಮೌಂಟ್ ರೋಡಿನ ದೊಡ್ಡ ಹೋಟೆಲೊಂದರಲ್ಲಿ ಜ್ಯಾಮ್ ಸೆಷನ್. ಕಾಲೇಜಿನ ಹುಡುಗ ಹುಡುಗಿಯರು, ಬಿಗಿ ಪ್ಯಾಂಟು, ನಿಂಬೆ ಶರಬತ್ತು, ಪರದೆ ಎಳೆದು ಮಾಡಿಕೊಂಡ ಸುಳ್ಳು ಸಂಜೆ. ಇವಳು ಮೊದಲ ಸಲ ಗಿಟಾರಿನ ಚೀಲ ಬಿಚ್ಚಿದಾಗ ಡ್ರಮ್ಮರ್ ಮೂಗೇರಿಸಿ, “ವಾಟ್ ಮ್ಯಾನ್, ಹೂ ಈಸ್ ಮೇಕಿಂಗ್ ಸಾಂಬಾರ್?” ಅಂದ. ಎಲ್ಲರೂ ನಕ್ಕರು. ಇವಳೂ ನಕ್ಕಳು. ಆಮೇಲೆ ಉಸಿರು ಹಿಡಿದಳು. ಹಾಡು ಶುರುಮಾಡುವ ಮುನ್ನ ಅವಳು ಹೀಗೆ ಉಸಿರು ಹಿಡಿದು ನಿಲ್ಲುತ್ತಿದ್ದಳು, ನೀರಿಗೆ ಹಾರುವವರ ಹಾಗೆ. ಕೇಳುವವರು ತಮಗೇ ಗೊತ್ತಿಲ್ಲದೆ ಉಸಿರು ಹಿಡಿಯುತ್ತಿದ್ದರು. ಆ ಕೋಣೆ ಒಂದು ಗಳಿಗೆ ಗಾಜಿನದಾಯಿತು. ಆಮೇಲೆ ಆ ಕಂಚಿನಂಥ ದನಿ. ಹಾಡು ಮುಗಿದ ಮೇಲೆ ಡ್ರಮ್ಮರ್ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು, “ಸಾಂಬಾರ್ ಈಸ್ ರೆಡಿ, ಲೇಡೀಸ್ ಅಂಡ್ ಜೆಂಟಲ್‌ಮೆನ್,” ಅಂದ. ಆ ವಾರದಿಂದ ಅವಳು ಆ ಬೀಟ್ ಗ್ರೂಪಿನವಳಾದಳು. ನಾನು ಅವರ ವ್ಯಾನಿನ ಹಿಂದಿನ ಸೀಟಿನವಳಾದೆ. ಆರು ಗಂಟೆಗೆ ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮನೆಯಲ್ಲಿರುತ್ತಿದ್ದೆವು. ಮನೆಯವರ ಲೆಕ್ಕಕ್ಕೆ ಅದು ಕಾನ್ವೆಂಟಿನ ಕಾಯರ್ ಪ್ರಾಕ್ಟೀಸು.

ಅವಳು ಹಾಡು ಬರೆಯುತ್ತಿದ್ದದ್ದು ತಾರಸಿಯಲ್ಲಿ, ನನ್ನ ಎದುರಿಗೇ. ಬರೆಯುತ್ತಿದ್ದಳು ಎನ್ನುವುದೂ ಸರಿಯಲ್ಲ. ಕಾಗದ ಮುಟ್ಟುತ್ತಿರಲಿಲ್ಲ. ಹೆಬ್ಬೆರಳಿನಿಂದ ಗೋಡೆಗೆ ಬಡಿಯುತ್ತಾ ಒಂದೇ ಸಾಲನ್ನು ನಲವತ್ತು ಸಲ ಹೇಳುವಳು. ಪ್ರತಿ ಸಲ ಒಂದು ಪದ ಉದುರಿಸುವಳು. ಇನ್ನು ಉದುರಿಸಲು ಏನೂ ಉಳಿಯದಾಗ, “ಆಯ್ತು,” ಅನ್ನುವಳು. “ಶುರು ಮಾಡೋದು ಯಾರಿಗೆ ಬೇಕಾದ್ರೂ ಬರತ್ತೆ ಡೀ. ಎಲ್ಲಿ ಬಾಯಿ ಮುಚ್ಚಬೇಕು ಅಂತ ಗೊತ್ತಿರಬೇಕು.” ಆ ಮೊದಲ ಹಾಡು ಹೀಗೇ ಆಯಿತು. ಬಂದರಿನ ಹಡಗುಗಳ ಹಾಡು. ನೀವು ಯಾರನ್ನೂ ಕೇಳದೆ ಬರುತ್ತೀರಿ, ಯಾರಿಗೂ ಹೇಳದೆ ಹೋಗುತ್ತೀರಿ, ನನಗೂ ಅದನ್ನು ಕಲಿಸಿ ಎಂದು ಹುಡುಗಿಯೊಬ್ಬಳು ತಾರಸಿಯಿಂದ ಕೇಳುವಂಥದು. ಅಷ್ಟೇ. ನಾಲ್ಕು ಸಾಲು, ಮತ್ತೆ ಅದೇ ನಾಲ್ಕು ಸಾಲು. ಕಾಲೇಜುಗಳ ಫೆಸ್ಟಿವಲ್‌ಗಳಲ್ಲಿ ಆ ನಾಲ್ಕು ಸಾಲಿಗೆ ಹುಡುಗರು ಬೆಂಚು ಹತ್ತಿ ನಿಲ್ಲುತ್ತಿದ್ದರು.

ರೆಕಾರ್ಡ್ ಕಂಪನಿಯವರು ಬಂದದ್ದು ಹಾಗೆ. ಅವಳಿಗೆ ಆಗ ಹದಿನೇಳು. ಅಪ್ಪನ ಸಹಿ ಬೇಕು ಅಂದರು. ಐದು ಪುಟದ ಕಾಗದ, ದಪ್ಪ, ನುಣುಪು, ಪಾರ್ಚ್‌ಮೆಂಟಿನ ಹಾಗೆ.

ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು. ಇಂಗ್ಲಿಷಿನ ಯಾವ ಕಾಗದ ಬಂದರೂ, ಕಾರ್ಪೊರೇಷನ್ ನೋಟೀಸಿರಲಿ, ಲೈಸೆನ್ಸಿರಲಿ, ಮಾಮ ನನ್ನನ್ನು ಕರೆಸುತ್ತಿದ್ದರು. ಅವಳ ಅಪ್ಪನನ್ನು ನಾನು ಮಾಮ ಅನ್ನುತ್ತಿದ್ದೆ. ನಾನು ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಬೇಕು. ಅವರು ಕಣ್ಣು ಮುಚ್ಚಿ ಕೇಳಿ ಸಹಿ ಹಾಕುವರು. ಮಗಳು ಅದೇ ಕಾನ್ವೆಂಟಿನಲ್ಲಿ ಓದಿದ್ದರೂ ಅವಳ ಕೈಗೆ ಕೊಡುತ್ತಿರಲಿಲ್ಲ. ಮನೆಯ ಕಾಗದವನ್ನು ಮನೆಯವರೇ ಓದಿದರೆ ತಮಗೆ ಬೇಕಾದ್ದೇ ಕಾಣುತ್ತದೆ ಎನ್ನುವುದು ಅವರ ನಂಬಿಕೆ.

ಹಿಂದಿನ ಸಂಜೆ ತಾರಸಿಯಲ್ಲಿ ನಾವಿಬ್ಬರೂ ಸುಳ್ಳನ್ನು ಹೆಣೆದೆವು. ಕಾಗದವನ್ನು ಅವಳು ಬಿಚ್ಚಿಯೂ ನೋಡಲಿಲ್ಲ. “ನೀನು ನೋಡ್ಕೊ ಡೀ. ನಾನು ಓದಿದ್ರೆ ಭಯ ಆಗತ್ತೆ,” ಅಂದಳು. ನಾನು ನೋಡಿಕೊಂಡೆ. ಆದರೆ ನೋಡಿದ್ದು ಏನನ್ನು? ‘ಬೀಟ್ ಗ್ರೂಪ್’ ಎಂದು ಎಲ್ಲೆಲ್ಲಿ ಬಂದಿದೆ, ಅಲ್ಲೆಲ್ಲ ‘ಕಾಯರ್’ ಎಂದು ಹೇಗೆ ಓದಲಿ, ಬರೀ ಅದನ್ನು. ಎಲ್ಲಿ ನಾಲಿಗೆ ತೊಡರೀತು, ಎಲ್ಲಿ ನಿಲ್ಲಬೇಕು, ಎಲ್ಲಿ ಪುಟ ತಿರುವಬೇಕು, ಎಲೊಕ್ಯೂಷನ್ ಕಾಂಪಿಟಿಷನ್ನಿಗೆ ತಯಾರಾಗುವ ಹಾಗೆ ತಯಾರಾದೆ. ನಾಲ್ಕನೇ ಪುಟದ ಸಣ್ಣ ಅಕ್ಷರದ ಮೇಲೆ ಕಣ್ಣು ಹೋಗಿತ್ತು. ಮನಸ್ಸು ಹೋಗಿರಲಿಲ್ಲ.

ಮರುದಿನ ಮಾಮ ಪೂರ್ತಿ ಕೇಳಿದರು. ಕಣ್ಣು ತೆರೆದರು.

“ಹಾಡುದು ದೇವರ ಹಾಡಾ ಮಗಾ?”

“ಹೂಂ ಮಾಮ. ಕಾಯರ್ ಅಲ್ವಾ.”

“ಹಾಡ್ಲಿ. ಅವಳ ಅಮ್ಮನಿಗೂ ಹಾಡಿನ ಹುಚ್ಚು.” ಪೆನ್ನಿನ ಮುಚ್ಚಳ ತೆಗೆದು ನಿಲ್ಲಿಸಿದರು. “ಇದ್ರಲ್ಲಿ ನಾವು ಅವ್ರಿಗೆ ಕೊಡುದು ಎಂತಾದ್ರೂ ಉಂಟಾ?”

“ಏನೂ ಇಲ್ಲ ಮಾಮ.”

“ಸರಿಯಾಗಿ ನೋಡಿದ್ದಿಯಲ್ಲ?”

“ನೋಡಿದೀನಿ.”

ಸಹಿ ಹಾಕಿದರು. ನನಗೆ ಜಾಮೂನು ತರಿಸಿದರು. ತಿಂದೆ.

ಗ್ರಾಮಫೋನ್ ಪ್ಲೇಟು ಬಂತು. ಮದ್ರಾಸೇನು, ಬೆಂಗಳೂರು, ಬೊಂಬಾಯಿ, ಕಲ್ಕತ್ತಾಗಳಲ್ಲೂ ಹಾಡು ಓಡಿತು. ಆ ಕೆಲವು ತಿಂಗಳನ್ನು ನೆನೆದರೆ ಇವತ್ತಿಗೂ ನನಗೆ ನೆಲ ಸಿಗುವುದಿಲ್ಲ. ವ್ಯಾನಿನ ಕಿಟಕಿಯಲ್ಲಿ ಮರೀನಾ ಓಡುತ್ತಿತ್ತು, ಇವಳ ತಲೆ ನನ್ನ ಭುಜದ ಮೇಲಿರುತ್ತಿತ್ತು, ನಿದ್ದೆಯಲ್ಲೂ ಹೆಬ್ಬೆರಳು ನನ್ನ ಅಂಗೈಯಲ್ಲಿ ತಾಳ ಹಾಕುತ್ತಿತ್ತು. ನನ್ನದೇ ಅಂತ ಹೇಳಿಕೊಳ್ಳುವಂಥದ್ದೇನೂ ನನಗಿರಲಿಲ್ಲ. ಆ ಹಿಂದಿನ ಸೀಟೊಂದು ಇತ್ತು.

ಮಾಮನಿಗೆ ತಿಳಿದದ್ದು ಹೀಗೆ. ಮೌಂಟ್ ರೋಡಿನಲ್ಲಿ ಹೊಸ ಐಸ್‌ಕ್ರೀಮ್ ಪಾರ್ಲರ್ ತೆರೆದಿತ್ತು, ಕಾಸು ಹಾಕಿದರೆ ಬೇಕಾದ ಹಾಡು ಹಾಡುವ ಜ್ಯೂಕ್‌ಬಾಕ್ಸ್ ಸಮೇತ. ತಮ್ಮ ಹೋಟೆಲಿಗೂ ಅಂಥದೊಂದು ತಂದರೆ ಹೇಗೆ ಎಂದು ಮಾಮ ನೋಡಲು ಹೋದರು. ಯಾವನೋ ಹುಡುಗ ಕಾಸು ಹಾಕಿದ. ಮೊದಲು ಒಂದು ಹಿಡಿದ ಉಸಿರು ಕೇಳಿಸಿತಂತೆ. ದನಿ ಬರುವ ಮೊದಲೇ ಮಾಮನಿಗೆ ಗೊತ್ತಾಯಿತು.

ಅವರು ಮಗಳ ಹತ್ತಿರ ಹೆಚ್ಚು ಮಾತಾಡಲಿಲ್ಲ. “ಕಾಯರಾ?” ಎಂದು ಒಂದೇ ಮಾತು ಕೇಳಿದರಂತೆ. ಅವಳು ಅತ್ತಳು, ಗಿಟಾರನ್ನು ಉಗ್ರಾಣದಿಂದ ತಂದು ಅವರ ಮುಂದಿಟ್ಟಳು. ಅವರು ಅದನ್ನು ಮೂಸಿ ನೋಡಿ, “ಇದನ್ನು ಇನ್ನು ಮನೆಯಲ್ಲಿ ಇಡು. ಇಂಗು ಹಾಳಾಗ್ತದೆ,” ಅಂದರಂತೆ. ಅಲ್ಲಿಗೆ ಅವಳಿಗೆ ಅಪ್ಪಣೆ ಸಿಕ್ಕಿಹೋಯಿತು. ಅವಳು ಗೋಡೆ ಹಾರಿ ಬಂದು ನನ್ನನ್ನು ತಬ್ಬಿಕೊಂಡು ತಿರುಗಿಸಿದ್ದು, ಪಂಚೆಗಳೆಲ್ಲ ಸುತ್ತಿದ್ದು ನೆನಪಿದೆ.

ಎರಡು ವಾರ ಬಿಟ್ಟು, ಮಾಮ ನಮ್ಮ ಮೆಟ್ಟಿಲು ಹತ್ತಿ ಬಂದರು. ಆ ಮನುಷ್ಯ ಗಲ್ಲಾ ಬಿಟ್ಟು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಅಮ್ಮ ಒಳಗೆ ಕಾಫಿಗೆ ಇಟ್ಟಳು. ಅವರು ಜೇಬಿನಿಂದ ಆ ಕಾಗದವನ್ನು ತೆಗೆದರು.

“ಹೈಕೋರ್ಟಿನ ಹತ್ರ ವಕೀಲರ ಗುಮಾಸ್ತರೊಬ್ರು ಇದ್ದಾರೆ. ಅವ್ರ ಹತ್ರ ಓದಿಸಿದೆ,” ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾದದ್ದು. “ಕಾಯರಿನ ಸುಳ್ಳು ಬಿಡು ಮಾರಾಯ್ತಿ. ಮಕ್ಳು ಹೇಳ್ತಾರೆ. ನಾಲ್ಕನೇ ಪೇಜಲ್ಲಿ ಎಂತ ಉಂಟು ಗೊತ್ತುಂಟಾ ನಿಂಗೆ? ಹಾಡಿದ ಪ್ಲೇಟು ಮಾತ್ರ ಅಲ್ಲ, ಹಾಡೇ ಅವ್ರದ್ದಂತೆ. ಪದ, ರಾಗ, ಎಲ್ಲ. ಇನ್ನು ಅವ್ಳು ಅದನ್ನು ಎಲ್ಲಿ ಹಾಡುದಾದ್ರೂ ಅವ್ರ ಒಪ್ಪಿಗೆ ಬೇಕಂತೆ.”

ಕಾಗದ ಇಸಿದುಕೊಂಡು ನೋಡಿದೆ. ಆಬ್ಸಲ್ಯೂಟ್ಲಿ ಅಂಡ್ ಫಾರ್ ಎವರ್. ಕಾಂಪ್ರಿಹೆನ್ಷನ್ ಪ್ರೈಜಿನ ಹುಡುಗಿಗೆ ಕಷ್ಟದ ಪದಗಳಲ್ಲ.

“ಕೊಡುದು ಎಂತಾದ್ರೂ ಉಂಟಾ ಅಂತ ನಾನು ಕೇಳಿದ್ದೆ,” ಅಂದರು ಮಾಮ.

ನಾನು ಕಾಗದ ಮಡಿಸಿ ಅವರ ಕೈಗೆ ಕೊಟ್ಟೆ.

“ಅವ್ಳಿಗೆ ನಾನು ಹೇಳುದಿಲ್ಲ. ಓದಿದ್ದು ನೀನು. ನೀನೇ ಹೇಳು.”

ಕಾಫಿ ಬರುವ ಮೊದಲೇ ಇಳಿದು ಹೋದರು. ಆಮೇಲೆ ಅವರ ಮನೆಯ ಕಾಗದಗಳೆಲ್ಲ ಆ ಗುಮಾಸ್ತರ ಬಳಿಗೇ ಹೋಗತೊಡಗಿದವು. ನನ್ನ ಸ್ಟೂಲಿನ ಮೇಲೆ ವೀಳ್ಯದೆಲೆಯ ಬುಟ್ಟಿ ಬಂದು ಕೂತಿತು.

ನಾನು ಹೇಳಲಿಲ್ಲ. ಈ ವಾರ ಹೇಳುತ್ತೇನೆ, ಮುಂದಿನ ಭಾನುವಾರ ಹೇಳುತ್ತೇನೆ ಎಂದುಕೊಂಡೇ ವ್ಯಾನು ಹತ್ತುತ್ತಿದ್ದೆ. ಅವಳು ಅದೇ ಹಾಡನ್ನು ಹಾಡುತ್ತಿದ್ದಳು. ಮದ್ರಾಸಿನ ಜ್ಯಾಮ್ ಸೆಷನ್ನಿಗೆಲ್ಲ ಯಾವ ಕಂಪನಿ ಬಂದು ಕೇಳೀತು? ಯಾರಿಗೂ ಏನೂ ಆಗಿಲ್ಲವಲ್ಲ, ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಹೇಳಿದರೆ ಭುಜದ ಮೇಲಿನ ಆ ತಲೆ ಏಳುತ್ತದೆ, ಮತ್ತೆ ಒರಗುವುದಿಲ್ಲ. ಅಷ್ಟು ಸ್ವಾರ್ಥ.

ಅವಳು ಬೊಂಬಾಯಿಗೆ ಹೋದಳು. ಅಲ್ಲಿ ಬೇರೊಂದು ಕಂಪನಿಯವರು ದೊಡ್ಡ ಬ್ಯಾಂಡ್ ಇಟ್ಟು ಆ ಹಾಡನ್ನು ಹೊಸದಾಗಿ ಪ್ಲೇಟ್ ಮಾಡುತ್ತೇವೆ ಅಂದರು. ಸ್ಟುಡಿಯೋದಲ್ಲಿ ಎಲ್ಲ ಸಿದ್ಧವಾಗಿ, ಇವಳು ಉಸಿರು ಹಿಡಿದು ನಿಂತಿದ್ದಾಗ, ಗಾಜಿನ ಆಚೆಯಿಂದ ಯಾರೋ ಕೈ ಎತ್ತಿ ನಿಲ್ಲಿಸಿದರಂತೆ. ಹಳೆಯ ಕಂಪನಿಯ ತಂತಿ ಬಂದಿತ್ತು.

ನನಗೆ ಅವಳ ಕಾಗದ ಬಂತು, ಎರಡೇ ಸಾಲು. “ನಾಲ್ಕನೇ ಪುಟದಲ್ಲಿ ಹೀಗಿತ್ತಂತೆ. ನಿನಗೆ ಗೊತ್ತಿತ್ತಾ?”

ಮೂರು ದಿನ ಯೋಚಿಸಿ ಉತ್ತರ ಬರೆದೆ. ಗೊತ್ತಿರಲಿಲ್ಲ, ಅಕ್ಷರ ತುಂಬ ಸಣ್ಣದಿತ್ತು, ಇದನ್ನು ನಿನ್ನ ಕಾಗದದಲ್ಲೇ ಮೊದಲು ಕೇಳಿದ್ದು, ಸೋ ಸಾರಿ ಡಾರ್ಲಿಂಗ್, ಅಂತ. ಒಳ್ಳೆಯ ಇಂಗ್ಲಿಷಿನಲ್ಲಿ, ಒಂದೂ ಚಿತ್ತಿಲ್ಲದೆ.

ಆಮೇಲೆ ಕಾಗದ ನಿಂತಿತು. ಪಿಕ್ಚರ್ ಪೋಸ್ಟ್‌ಕಾರ್ಡುಗಳು ಬಂದವು. ಡಾರ್ಜಿಲಿಂಗ್, ಕಾಠ್ಮಂಡು, ಬೇರೂತ್. ಹಿಂದೆ ಹವಾಮಾನ ಮಾತ್ರ. ಇಲ್ಲಿ ಚಳಿ. ಇಲ್ಲಿ ಮೋಡ. ಅವಳು ದೊಡ್ಡವಳಾದಳು, ಹೊಸ ಹಾಡುಗಳು ಒಂದಾದ ಮೇಲೊಂದು ಗೆದ್ದವು, ಪತ್ರಿಕೆಗಳಲ್ಲಿ ಅವಳ ಮುಖ. ಹಡಗಿನ ಹಾಡು ಹಾಡಿ ಎಂದರೆ ತಲೆಯಾಡಿಸಿ ಮುಂದಿನದನ್ನು ಶುರುಮಾಡುತ್ತಾಳಂತೆ ಎಂದು ಡ್ರಮ್ಮರ್ ಒಮ್ಮೆ ಬಸ್‌ಸ್ಟಾಪಿನಲ್ಲಿ ಸಿಕ್ಕಾಗ ಹೇಳಿದ. ಅವನು ಗ್ರೂಪು ಬಿಟ್ಟು ರೈಲ್ವೆ ಸೇರಿದ್ದ. “ಕಂಪನಿಯ ಪರ್ಮಿಷನ್ ತಗೊಂಡ್ರೆ ಮುಗೀತಲ್ಲ ಮ್ಯಾನ್ ಅಂದೆ. ನನ್ನ ಹಾಡಿಗೆ ನಾನು ಪರ್ಮಿಷನ್ ಕೇಳಲ್ಲ ಅಂದ್ಳು. ಮ್ಯಾಡ್ ಗರ್ಲ್.”

ನಾನು ಶಾರ್ಟ್‌ಹ್ಯಾಂಡ್ ಕಲಿತು ಊರಾಚೆ ಗಿಂಡಿ ಎಂಬಲ್ಲಿದ್ದ ಕಾರ್ಖಾನೆಯೊಂದರ ಆಫೀಸಿನಲ್ಲಿ ಸ್ಟೆನೋ ಆದೆ. ದಿನವಿಡೀ ಕಾಂಟ್ರಾಕ್ಟುಗಳನ್ನು ಟೈಪ್ ಮಾಡುವ ಕೆಲಸ. ಯಾವ ಮಾತನ್ನು ಯಾವ ಮಾತಿನ ಹಿಂದೆ ಅಡಗಿಸುತ್ತಾರೆ ಎಂಬುದು ಬೆರಳಿಗೇ ಗೊತ್ತಾಯಿತು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ ಹೋಟೆಲಿನ ಸಪ್ಲೈಯರೊಬ್ಬರು ಬಂದು, “ಸಣ್ಣಮ್ಮ ಬಂದಿದ್ದಾರೆ, ಕರೀತಿದ್ದಾರೆ,” ಅಂದರು. ಮುಂದಿನ ವಾರ ಲಂಡನ್ನಿಗೆ ಹೊರಟವಳು ಅಪ್ಪನನ್ನು ನೋಡಲು ಬಂದಿದ್ದಳು.

ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತಿದ್ದಳು. ಕತ್ತರಿಸಿದ ಕೂದಲು, ಬರಿಗಾಲು, ಕೈಯಲ್ಲಿ ಲೋಟ. ನಾನು ಗೋಡೆ ದಾಟಲು ಸೀರೆ ಎತ್ತಿ ಹಿಡಿದು ಒದ್ದಾಡುವುದನ್ನು ನೋಡಿ, “ಬೀಳಬೇಡ, ಮಾಮೀ ಥರ ಆಗಿದೀಯ,” ಅಂದಳು. ನಕ್ಕೆವು. ನಾನು ಅವಳ ಪಕ್ಕ ಕೂತೆ.

ಇನ್ನು ತಡೆಯಲು ಆಗಲಿಲ್ಲ. “ನಾನು ನಿನಗೆ ಸುಳ್ಳು ಬರೆದೆ,” ಅಂದೆ. “ನೀನು ಕೇಳೋಕೆ ಎಷ್ಟೋ ತಿಂಗಳ ಮುಂಚೇನೇ ನನಗೆ ಗೊತ್ತಿತ್ತು. ಮಾಮ ನನ್ನ ಹತ್ರ ಹೇಳಿದ್ರು. ನಿನಗೆ ಹೇಳು ಅಂದಿದ್ರು. ನಾನು ಹೇಳಲಿಲ್ಲ.”

ಅವಳು ಲೋಟವನ್ನು ಕೆಳಗಿಟ್ಟಳು. “ಗೊತ್ತು.”

“ಏನು ಗೊತ್ತು?”

“ಬೊಂಬಾಯಿಂದ ಮೊದಲು ಅಪ್ಪನಿಗೆ ಟ್ರಂಕ್ ಕಾಲ್ ಮಾಡ್ದೆ. ಅವಳು ಹೇಳ್ಲಿಲ್ವಾ ಅಂತ ಅವ್ರು ಕೇಳಿದ್ರು. ಆಮೇಲೆ ನಿನಗೆ ಬರೆದೆ.”

“ಎಲ್ಲಾ ಗೊತ್ತಿದ್ದೂ ಕೇಳಿದೆಯಾ?”

“ಹೂಂ. ನೀನು ಏನಂತೀಯ ನೋಡೋಣ ಅಂತ.” ದನಿ ತಣ್ಣಗಿತ್ತು. “ಹಾಡು ಹೋಗಿದ್ದಕ್ಕೆ ನಿನ್ನ ಬೈಯಲ್ಲ ಡೀ. ಕಾಗದ ಬಿಚ್ಚದೇ ಇದ್ದವಳು ನಾನು. ನಿನ್ನ ಆ ಚಂದದ ಲೆಟರ್ ಇದೆಯಲ್ಲ, ಅದನ್ನ ಮಾತ್ರ ಎಷ್ಟು ಸಲ ಹರಿದುಹಾಕಬೇಕು ಅನ್ಕೊಂಡೆ.”

“ಹರೀಲಿಲ್ವಾ?”

“ಇಲ್ಲ. ನಿನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ.”

ನಾನು ಅಳುತ್ತಿದ್ದೆ. ಅವಳು ಸಮಾಧಾನ ಮಾಡಲಿಲ್ಲ. ನಾನು ಅತ್ತು ಮುಗಿಸುವ ತನಕ ಕಾದಳು. ಆಮೇಲೆ ಬ್ಯಾಗಿನಿಂದ ಒಂದು ಉದ್ದ ಲಕೋಟೆ ತೆಗೆದು ನನ್ನ ಮಡಿಲಿಗೆ ಹಾಕಿದಳು. ಲಂಡನ್ ಕಂಪನಿಯ ಕಾಂಟ್ರಾಕ್ಟು. ಹನ್ನೊಂದು ಪುಟ.

“ಓದು,” ಅಂದಳು.

“ನಾನಾ? ವಕೀಲರು ಯಾರಾದ್ರೂ...”

“ವಕೀಲರು ನೋಡ್ತಾರೆ, ಅದು ಬೇರೆ. ಒಂದು ಸಲ ತಪ್ಪು ಓದಿದವಳು ಎರಡನೇ ಸಲ ಕಾಮಾ ಕೂಡ ಬಿಡಲ್ಲ. ಗಟ್ಟಿಯಾಗಿ ಓದು. ಈ ಸಲ ನಾನು ಕೇಳ್ತೀನಿ.”

ಓದಿದೆ. ಬಾಯಿ ಒಣಗಿತು, ಅವಳ ಲೋಟದ ಉಳಿದ ನೀರು ಕುಡಿದು ಓದಿದೆ. ನೆರಳು ಟ್ಯಾಂಕಿನಿಂದ ಜರುಗಿ ನಮ್ಮ ಕಾಲು ಬಿಟ್ಟು ಹೋಯಿತು, ನಾವೂ ಜರುಗಿದೆವು. ಅವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದ್ದಳು. ಒಂದೊಂದು ಸಲ “ಮತ್ತೆ ಹೇಳು,” ಅನ್ನುವಳು, ನಾನು ಮತ್ತೆ ಹೇಳುವೆ. ಎಂಟನೇ ಪುಟದಲ್ಲಿ, ‘ವರ್ಕ್ಸ್’ ಎಂಬ ಪದದ ಅರ್ಥ ವಿವರಿಸುವ ನೆಪದಲ್ಲಿ, ಅವಳು ಮುಂದೆ ಬರೆಯಲಿರುವ ಹಾಡುಗಳನ್ನೆಲ್ಲ ತಮ್ಮದಾಗಿಸಿಕೊಂಡಿದ್ದರು. ಅಲ್ಲಿ ನಿಲ್ಲಿಸಿದೆ. ಬೆರಳಿಟ್ಟು ತೋರಿಸಿದೆ. ಅವಳು ಕಣ್ಣು ತೆರೆದು, ಬಗ್ಗಿ, ತಾನೇ ಓದಿಕೊಂಡಳು. ಪೆನ್ನು ತೆಗೆದು ಆ ಪ್ಯಾರಾದ ಮೇಲೆ ಆಚೆಯಿಂದ ಈಚೆಗೆ ಗೀಟೆಳೆದಳು.

“ಒಪ್ಪದಿದ್ರೆ?” ಅಂದೆ.

“ಒಪ್ಪದಿದ್ರೆ ಉಗ್ರಾಣದ ಬೀಗದ ಕೈ ಇದೆ. ಬೇಳೆ ಅಳೀತೀನಿ.”

ತಿದ್ದಿದ ಜಾಗದಲ್ಲಿ ಅವಳು ಸಹಿ ಹಾಕಿದಳು. ಪಕ್ಕದಲ್ಲಿ ಸಾಕ್ಷಿಯ ಸಹಿ ಬೇಕು ಅಂದಳು, ಪೆನ್ನನ್ನು ನನಗೆ ಕೊಟ್ಟಳು. ಕಾಗದವನ್ನು ಗೋಡೆಯ ಮೇಲೆ ಹರಡಿ ಹಿಡಿದೆ.

“ನೀಟಾಗಿ ಬರಿ ಡೀ,” ಅಂದಳು. “ಅವ್ರು ನಿನ್ನ ಹೆಸರೂ ಓದಬೇಕಲ್ಲ.”